ಲೋಕದ ಗುರಿಗಳು, ಊರಿನ ಪಾಠಗಳು

ಸುಸ್ಥಿರ ಅಭಿವೃದ್ಧಿ ಎಂಬ ಮಾತನ್ನು ನೀವು ಹಲವು ಬಾರಿ ಕೇಳಿರಬಹುದು. ಮಾತು ಕಿವಿಗೆ ಭಾರವೆನಿಸಿದರೂ ಅದರ ಅರ್ಥ ನಮ್ಮ ಒಕ್ಕಲು ಮನೆತನಗಳಿಗೆ ಹೊಸದಲ್ಲ. ಕಲಬುರಗಿ ಜಿಲ್ಲೆಯ ಜೇವರ್ಗಿ ಸೀಮೆಯ ಇಜೇರಿಯಂಥ ಊರುಗಳಲ್ಲಿ ಬಿತ್ತನೆಗೆಂದು ತೆಗೆದಿಟ್ಟ ಜೋಳವನ್ನು ಎಷ್ಟೇ ಕಷ್ಟ ಬಂದರೂ ಸುಲಭವಾಗಿ ಮುಟ್ಟುವುದಿಲ್ಲ. ಇಂದು ಅದನ್ನು ಉಂಡರೆ ನಾಳೆ ಬಿತ್ತಲು ಏನೂ ಉಳಿಯದು. ಇಂದಿನವರ ಅಗತ್ಯ ನೀಗಬೇಕು, ಮುಂದಿನವರ ಪಾಲೂ ಉಳಿಯಬೇಕು. 1987ರಲ್ಲಿ ಬ್ರಂಟ್‌ಲಾಂಡ್ ಆಯೋಗ ನೀಡಿದ ವರದಿಯ ತಿರುಳೂ ಇದೇ.

2015ರ ಸೆಪ್ಟೆಂಬರ್ 25ರಂದು ವಿಶ್ವಸಂಸ್ಥೆಯ ಸದಸ್ಯ ರಾಷ್ಟ್ರಗಳು 2030ರೊಳಗೆ ಸಾಧಿಸಬೇಕಾದ 17 ಗುರಿಗಳನ್ನೂ ಅವುಗಳಡಿ 169 ಉಪಗುರಿಗಳನ್ನೂ ಒಪ್ಪಿಕೊಂಡವು. ಬಡತನ, ಹಸಿವು, ಆರೋಗ್ಯ, ಶಿಕ್ಷಣ, ಸ್ತ್ರೀ ಪುರುಷ ಸಮಾನತೆ, ನೀರು, ಹವಾಮಾನ ಇವೆಲ್ಲ ಆ ಪಟ್ಟಿಯಲ್ಲಿವೆ. ಶಿಕ್ಷಣದ ಗುರಿಯ 7ನೆಯ ಉಪಗುರಿಯಂತೂ, ಸುಸ್ಥಿರ ಬದುಕಿಗೆ ಬೇಕಾದ ಜ್ಞಾನ ಮತ್ತು ಕೌಶಲ ಎಲ್ಲ ವಿದ್ಯಾರ್ಥಿಗಳಿಗೂ ದೊರೆಯಬೇಕೆಂದು ಹೇಳುತ್ತದೆ.

ಹಾಗಾದರೆ ಇದನ್ನು ಮಕ್ಕಳಿಗೆ ಕಲಿಸುವುದು ಹೇಗೆ? ಗೋಡೆಗೆ ಬಣ್ಣದ ಚಿತ್ರಪಟ ತೂಗುಹಾಕಿ ಹದಿನೇಳನ್ನೂ ಬಾಯಿಪಾಠ ಮಾಡಿಸಿದರೆ ರಸಪ್ರಶ್ನೆಯಲ್ಲಿ ಬಹುಮಾನ ಬಂದೀತು. ಆದರೆ ಆ ಗುರಿಗಳು ಯಾರ ಮನೆಯ ಮಾತು ಎಂಬುದು ಮಗುವಿಗೆ ತಿಳಿಯದು. ಪಾಠ ಊರಿನಿಂದ ಹೊರಟು ಲೋಕವನ್ನು ಮುಟ್ಟುವುದೇ ಸರಿಯಾದ ದಾರಿ.

ಮೊದಲ ಪಾಠ ತೊಗರಿ ಹೊಲದಲ್ಲಿದೆ. ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದ್ದನ್ನು ನೀವು ಬಲ್ಲಿರಿ. ಎಳೆಯ ತೊಗರಿ ಗಿಡವೊಂದನ್ನು ಮಣ್ಣು ಸಮೇತ ಮೆಲ್ಲಗೆ ಎಬ್ಬಿಸಿ ಬೇರನ್ನು ತೊಳೆದು ನೋಡಲು ಹೇಳಿ. ಬೇರಿನ ಮೇಲೆ ಸಣ್ಣ ಗಂಟುಗಳು ಕಾಣುತ್ತವೆ. ಒಂದನ್ನು ಸೀಳಿದಾಗ ಒಳಗೆ ನಸುಗೆಂಪು ಬಣ್ಣವಿದ್ದರೆ, ಅಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತಿವೆ ಎಂದರ್ಥ. ತೊಗರಿಯ ಉದುರಿದ ಎಲೆ ಮತ್ತು ಬೇರಿನಿಂದ ಮುಂದಿನ ಜೋಳಕ್ಕೂ ಲಾಭವುಂಟು. ಆದರೆ ವರ್ಷ ವರ್ಷವೂ ಅದೇ ಹೊಲದಲ್ಲಿ ತೊಗರಿಯನ್ನೇ ಬಿತ್ತಿದರೆ ನೆಟೆ ರೋಗದ ಶಿಲೀಂಧ್ರ ಮಣ್ಣಿನಲ್ಲೇ ಉಳಿದು ಬಲಿಯುತ್ತದೆ. 2022ರ ಹಂಗಾಮಿನಲ್ಲಿ ಈ ರೋಗ ಜಿಲ್ಲೆಯ ರೈತರಿಗೆ ಭಾರಿ ನಷ್ಟ ತಂದಿತು. ಮಣ್ಣು, ಆಹಾರ, ಆದಾಯ ಮೂರೂ ಒಂದೇ ಬೇರಿಗೆ ಕಟ್ಟಿಕೊಂಡಿರುವುದು ಮಗುವಿಗೆ ಕಣ್ಣಾರೆ ಕಂಡಂತಾಯಿತು.

ಎರಡನೆಯ ಪಾಠ ನೀರಿನ ಕೊಡದ್ದು. ಮನೆಗೆ ನೀರು ತರುವವರು ಯಾರು, ದಿನಕ್ಕೆ ಎಷ್ಟು ಕೊಡ, ಎಷ್ಟು ಹೊತ್ತು ಎಂದು ಮಕ್ಕಳು ಒಂದು ವಾರ ಬರೆದಿಡಲಿ. ಒಬ್ಬ ಹುಡುಗಿಗೆ ದಿನಕ್ಕೆ 40 ನಿಮಿಷ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ಶಾಲೆ ನಡೆಯುವ 220 ದಿನಗಳಿಗೆ ಅದು ಸುಮಾರು 147 ಗಂಟೆ. ದಿನಕ್ಕೆ 5 ಗಂಟೆ ಪಾಠವೆಂದರೆ 29 ದಿನಗಳ ಓದಿನ ಹೊತ್ತು! ನೀರು, ಶಿಕ್ಷಣ ಮತ್ತು ಸಮಾನತೆ ಬೇರೆ ಬೇರೆ ಗುರಿಗಳಲ್ಲ ಎಂಬುದನ್ನು ಈ ಒಂದು ಲೆಕ್ಕವೇ ಹೇಳುತ್ತದೆ. 2020ರ ಅಕ್ಟೋಬರ್‌ನಲ್ಲಿ ಭೀಮಾ ನದಿ ಉಕ್ಕಿ ಹರಿದು ದಂಡೆಯ ಊರುಗಳನ್ನು ಮುಳುಗಿಸಿತು. 2023ರಲ್ಲಿ ರಾಜ್ಯದ ಬಹುಭಾಗದಲ್ಲಿ ಬರ. ಮೂರು ವರ್ಷಗಳಲ್ಲಿ ಎರಡನ್ನೂ ಕಂಡ ಮಗುವಿಗೆ ಹವಾಮಾನದ ಪಾಠವನ್ನು ದೂರದ ಹಿಮಗಡ್ಡೆಯಿಂದಲೇ ಆರಂಭಿಸಬೇಕಿಲ್ಲ.

ಮೂರನೆಯದು ಖಾಲಿ ಜಾಗದ ಪಾಠ. 2011ರ ಜನಗಣತಿಯಂತೆ ರಾಜ್ಯದ ಸಾಕ್ಷರತೆ ಶೇಕಡಾ 75.36, ಆಗಿನ ಗುಲ್ಬರ್ಗ ಜಿಲ್ಲೆಯದು ಶೇಕಡಾ 64.85. ಮಹಿಳೆಯರದು ಇನ್ನೂ ಕಡಿಮೆ, ಶೇಕಡಾ 55ರ ಆಸುಪಾಸು. ಇದಕ್ಕೂ ಮೊದಲೇ, 2002ರಲ್ಲಿ, ಡಾ. ಡಿ. ಎಂ. ನಂಜುಂಡಪ್ಪ ಸಮಿತಿ ಜೇವರ್ಗಿ, ಆಳಂದ, ಅಫಜಲಪುರ ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವುಗಳ ಸಾಲಿಗೆ ಸೇರಿಸಿತ್ತು. ಯಾವ ತಿಂಗಳಲ್ಲಿ ಎಷ್ಟು ಮಕ್ಕಳು ಶಾಲೆಗೆ ಬರಲಿಲ್ಲ ಎಂದು ಹೆಸರು ಬಿಟ್ಟು ಸಂಖ್ಯೆ ಮಾತ್ರ ಹಾಜರಿ ಪುಸ್ತಕದಿಂದ ತೆಗೆದು ನಕ್ಷೆ ಬರೆಸಿ. ಹತ್ತಿ ಬಿಡಿಸುವ ಕಾಲ, ತೊಗರಿ ರಾಶಿಯ ಕಾಲ, ಮನೆಯವರು ಗುಳೆ ಹೋಗುವ ಕಾಲ ಆ ಗೆರೆಯಲ್ಲಿ ಕಾಣುತ್ತದೆಯೇ ನೋಡಿ. ಹಸಿವಿಗೂ ಓದಿಗೂ ಇರುವ ನಂಟನ್ನು ಸರ್ಕಾರವೂ ಮನಗಂಡಿತ್ತು. 2002ರಲ್ಲಿ ಶಾಲೆಯ ಬಿಸಿಯೂಟ ಮೊದಲು ಆರಂಭವಾದ ಏಳು ಜಿಲ್ಲೆಗಳಲ್ಲಿ ಗುಲ್ಬರ್ಗವೂ ಒಂದು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಲೋಕ ಕೆಡಿಸಿದ್ದನ್ನು ಸರಿಪಡಿಸುವ ಹೊರೆಯನ್ನು ಮಕ್ಕಳ ತಲೆಗೆ ಕಟ್ಟಬಾರದು. ತಲೆಯ ಮೇಲೆ ಕೊಡ ಹೊತ್ತು ಬರುವ ಹುಡುಗಿಗೆ ನೀರು ಮಿತವಾಗಿ ಬಳಸು ಎಂದು ಉಪದೇಶಿಸುವುದು ನ್ಯಾಯವಲ್ಲ. ಮಿತವ್ಯಯದ ಪಾಠ ಹೆಚ್ಚು ಬಳಸುವವರಿಗೆ ಸಲ್ಲಬೇಕು. ಆಕೆಗೆ ಸಲ್ಲಬೇಕಾದದ್ದು ನೀರು, ಮತ್ತು ಅದನ್ನು ಕೇಳುವ ಧೈರ್ಯ.

ಕೇಳುವುದಕ್ಕೆ ವೇದಿಕೆಯೂ ಇದೆ. ನಮ್ಮ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಸುವ ಪದ್ಧತಿಯಿದೆ. ಕೊಡದ ಲೆಕ್ಕ, ಹಾಜರಿಯ ನಕ್ಷೆ ಇವನ್ನು ಮಕ್ಕಳೇ ಅಲ್ಲಿ ಓದಲಿ. ‘ನಮಗೆ ನೀರಿಲ್ಲ’ ಎಂಬ ಮಾತಿಗಿಂತ ‘ನಮ್ಮ ಓಣಿಯ ಇಷ್ಟು ಮನೆಗಳಿಗೆ ವಾರದಲ್ಲಿ ಇಷ್ಟು ದಿನ ನೀರಿಲ್ಲ’ ಎಂಬ ಮಾತಿಗೆ ಉತ್ತರ ಕೊಡದಿರುವುದು ಕಷ್ಟ.

ನೀವು ಶಿಕ್ಷಕರಾಗಿದ್ದರೆ ಹದಿನೇಳನ್ನೂ ಒಮ್ಮೆಲೇ ಹಿಡಿಯಬೇಡಿ. ಒಂದು ತಿಂಗಳಿಗೆ ಒಂದೇ ಪ್ರಶ್ನೆ ಸಾಕು. ಪಾಲಕರಾಗಿದ್ದರೆ, ಮಗು ಮನೆಯ ಲೆಕ್ಕ ಕೇಳಿದಾಗ ಗದರಿಸದೆ ಹೇಳಿ. ಪಂಚಾಯಿತಿ ಸದಸ್ಯರಾಗಿದ್ದರೆ, ಮಕ್ಕಳ ಮನವಿಗೆ ಲಿಖಿತ ಉತ್ತರ ಕೊಡಿ. ಆಗದ ಕೆಲಸವಾದರೆ ಏಕೆ ಆಗದು ಎಂದಾದರೂ ಬರೆಯಿರಿ. ಆ ಉತ್ತರವನ್ನು ತರಗತಿಯಲ್ಲಿ ಓದಿದ ದಿನ, ಮುಂದೇನು ಮಾಡಬೇಕೆಂಬ ಚರ್ಚೆಯನ್ನು ಮಕ್ಕಳೇ ಆರಂಭಿಸುತ್ತಾರೆ.