ಎಂಜಿನ್ ಆಮೇಲೆ, ಮೊದಲು ತಗಡು

ಹಳೆಯ ಮಾರುತಿ 800 ಒಂದನ್ನು ಕೊಂಡು ಮೊದಲಿನಂತೆ ಮಾಡಬೇಕು ಎಂಬ ಆಸೆಯಿಂದ ಹೊರಟವರು ಕಾರಿನ ಮುಂದೆ ನಿಂತ ಕೂಡಲೇ ಬಾನೆಟ್ ಎತ್ತಿಸುತ್ತಾರೆ. ಸ್ಟಾರ್ಟ್ ಮಾಡಿಸಿ ಕಿವಿಗೊಡುತ್ತಾರೆ, ಹಿಂದೆ ಹೋಗಿ ಸೈಲೆನ್ಸರಿನ ಹೊಗೆಯ ಬಣ್ಣ ನೋಡುತ್ತಾರೆ, ಆಮೇಲೆ ವ್ಯಾಪಾರ ಕುದುರಿಸುತ್ತಾರೆ. ನನ್ನ ಮಾತು ಕೇಳುವುದಾದರೆ ಮೊದಲು ಎತ್ತಬೇಕಾದದ್ದು ಕಾಲಡಿಯ ಕಾರ್ಪೆಟ್. ಎಂಜಿನ್ ಕೆಟ್ಟಿದ್ದರೆ ಲೇತ್ ಶಾಪಿನಲ್ಲಿ ಬೋರ್ ಮಾಡಿಸಿ, ಹೊಸ ಪಿಸ್ಟನ್, ಹೊಸ ರಿಂಗ್ ಹಾಕಿಸಬಹುದು. ಕಾರ್ಪೆಟ್ಟಿನ ಕೆಳಗೆ ತಗಡು ತೂತುಬಿದ್ದು ನೆಲ ಕಾಣುತ್ತಿದ್ದರೆ ಮಾತ್ರ ಆ ಕಾರನ್ನು ಉಳಿಸುವ ಖರ್ಚು, ಶ್ರಮ, ಕಾಲ ಎಲ್ಲವೂ ಬೇರೆಯೇ ಲೆಕ್ಕ.

1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿ ಮೊದಲ ಮಾರುತಿ 800ರ ಕೀಲಿಯನ್ನು ದೆಹಲಿಯ ಹರ್ಪಾಲ್ ಸಿಂಗ್ ಅವರ ಕೈಗಿತ್ತರು. ಎಸ್‌ಎಸ್80 ಎಂದು ಕರೆಸಿಕೊಳ್ಳುವ ಆ ಮೊದಲ ಆಕಾರ ರಸ್ತೆಗೆ ಬಂದದ್ದು ಮೂರೇ ವರ್ಷ. 1986ರಲ್ಲಿ ಹೊಸ ಆಕಾರ ಬಂತು; ಅದೇ ಸಣ್ಣಪುಟ್ಟ ಬದಲಾವಣೆಗಳೊಂದಿಗೆ 2014ರ ಜನವರಿಯವರೆಗೆ ತಯಾರಾಯಿತು. ಒಟ್ಟು 25 ಲಕ್ಷಕ್ಕೂ ಹೆಚ್ಚು ಕಾರುಗಳು. ಬೀದಿಗೊಂದರಂತೆ ಇದ್ದ ಕಾರನ್ನು ಯಾರೂ ಜೋಪಾನ ಮಾಡುವುದಿಲ್ಲ. ಆದ್ದರಿಂದಲೇ ಇವು ನಮ್ಮ ಕಣ್ಣೆದುರಿಗೇ ಗುಜರಿಗೆ ಹೋಗಿ ಮುಗಿಯುತ್ತಿವೆ. ಆ ಮೊತ್ತಮೊದಲ ಕಾರು ಕೂಡ ಮಾಲೀಕರ ಕಾಲಾನಂತರ ಮನೆಯ ಹೊರಗೆ ಮಳೆಬಿಸಿಲಿಗೆ ನಿಂತು ಜೀರ್ಣವಾಗಿತ್ತು. ಕೊನೆಗೆ ಕಂಪನಿಯೇ ಅದನ್ನು ಸರಿಪಡಿಸಿ ತನ್ನ ಮುಖ್ಯ ಕಚೇರಿಯಲ್ಲಿ ಇಟ್ಟಿತು. ಒಂದು ಪೀಳಿಗೆಯ ಮಧ್ಯಮ ವರ್ಗಕ್ಕೆ ಸ್ವಂತ ಕಾರು ಎಂದರೆ ಏನೆಂದು ತೋರಿಸಿಕೊಟ್ಟ ಯಂತ್ರ ಇದು. ಇದನ್ನು ಉಳಿಸುವುದು ರೋಲ್ಸ್‌ರಾಯ್ಸ್ ಉಳಿಸುವುದಕ್ಕಿಂತ ಯಾವ ರೀತಿಯಲ್ಲೂ ಕಡಿಮೆಯ ಕೆಲಸವಲ್ಲ.

ತಗಡಿಗೆ ಇಷ್ಟು ಮಹತ್ವ ಯಾಕೆ? ಲಾರಿಯನ್ನು ನೋಡಿ. ಅದಕ್ಕೆ ಕೆಳಗೆ ದಪ್ಪ ಉಕ್ಕಿನ ಚಾಸಿ ಇರುತ್ತದೆ. ಎಂಜಿನ್, ಆಕ್ಸಲ್, ಕ್ಯಾಬಿನ್ ಎಲ್ಲ ಅದರ ಮೇಲೆ ಕೂತಿರುತ್ತವೆ. ಬಾಡಿ ಹಾಳಾದರೆ ಬಿಚ್ಚಿ ಬೇರೆ ಕಟ್ಟಿಸಬಹುದು. ಮಾರುತಿ 800ರಲ್ಲಿ ಅಂಥ ಪ್ರತ್ಯೇಕ ಚಾಸಿ ಇಲ್ಲ. ಒಂದು ಮಿಲಿಮೀಟರಿಗೂ ತೆಳುವಾದ ಉಕ್ಕಿನ ಹಾಳೆಗಳನ್ನು ಒತ್ತಿ, ಮಡಚಿ, ನೂರಾರು ಕಡೆ ಸ್ಪಾಟ್ ವೆಲ್ಡ್ ಮಾಡಿ ಜೋಡಿಸಿದ ಗೂಡೇ ಅದರ ಚಾಸಿ. ಇದಕ್ಕೆ ಮೊನೊಕಾಕ್ ಎನ್ನುತ್ತಾರೆ. ಕಾರಿನ ಒಟ್ಟು ತೂಕ ಸುಮಾರು 650 ಕಿಲೋಗೆ ಇಳಿದದ್ದು ಹೀಗೆ. 796 ಸಿಸಿಯ, 40ಕ್ಕೂ ಕಡಿಮೆ ಅಶ್ವಶಕ್ತಿಯ ಎಂಜಿನ್ನು ನಾಲ್ಕು ಜನರನ್ನು ಚಾರ್ಮಾಡಿ ಘಾಟಿ ಹತ್ತಿಸಲು ಸಾಧ್ಯವಾದದ್ದೂ ಹೀಗೆಯೇ.

ತೆಳು ಹಾಳೆಗೆ ಬಲ ಬರುವುದು ಆಕಾರದಿಂದ. ಮನೆಯಲ್ಲಿರುವ ಚಪ್ಪಲಿ ಡಬ್ಬವೊಂದನ್ನು ಮುಚ್ಚಳ ತೆಗೆದು ಎರಡೂ ತುದಿ ಹಿಡಿದು ತಿರುಚಿ ನೋಡಿ, ಸುಲಭವಾಗಿ ತಿರುಚಿಕೊಳ್ಳುತ್ತದೆ. ಮುಚ್ಚಳ ಹಾಕಿ ಸುತ್ತಲೂ ಟೇಪ್ ಅಂಟಿಸಿ ತಿರುಚಿ, ಜಪ್ಪಯ್ಯ ಎಂದರೂ ಜಗ್ಗುವುದಿಲ್ಲ. ರಟ್ಟು ಅದೇ, ಪೆಟ್ಟಿಗೆಯ ಸುತ್ತು ಪೂರ್ತಿಯಾದದ್ದು ಮಾತ್ರ ಹೊಸತು. ಕಾರಿನಲ್ಲಿ ಈ ಮುಚ್ಚಿದ ಪೆಟ್ಟಿಗೆಗಳು ಬಾಗಿಲ ಕೆಳಗೆ ಉದ್ದಕ್ಕೂ ಹೋಗುವ ರನ್ನಿಂಗ್ ಬೋರ್ಡ್, ಮುಂದಿನ ಗಾಜಿನ ಎರಡು ಕಂಬಗಳು, ಮುಂದಿನ ಶಾಕ್ ಅಬ್ಸಾರ್ಬರುಗಳನ್ನು ಹಿಡಿದ ಗೋಡೆಗಳು. ಇವುಗಳ ಒಂದು ಬದಿ ತುಕ್ಕು ಹಿಡಿದು ಬಾಯಿಬಿಟ್ಟರೆ ಪೆಟ್ಟಿಗೆಯ ಮುಚ್ಚಳ ತೆಗೆದಂತೆಯೇ. ಅಂಥ ಕಾರನ್ನು ಒಂದು ಮೂಲೆಯಲ್ಲಿ ಜಾಕ್ ಕೊಟ್ಟು ಎತ್ತಿದರೆ ಬಾಗಿಲು ಕಚ್ಚಿಕೊಳ್ಳುತ್ತದೆ, ತೆರೆಯಲು ಬರುವುದಿಲ್ಲ. ಕೊಳ್ಳುವ ಮುಂಚೆ ಮಾಡಿ ನೋಡಲೇಬೇಕಾದ ಪರೀಕ್ಷೆ ಇದು.

ತುಕ್ಕು ಬರಿಯ ಕೊಳೆಯಲ್ಲ, ಅದೊಂದು ಸಣ್ಣ ಬ್ಯಾಟರಿ. ತಗಡಿನ ಮೇಲೆ ನೀರಿನ ತೆಳು ಪದರ ನಿಂತಾಗ ಒಂದು ಜಾಗದಲ್ಲಿ ಕಬ್ಬಿಣದ ಪರಮಾಣುಗಳು ಎಲೆಕ್ಟ್ರಾನ್ ಬಿಟ್ಟುಕೊಟ್ಟು ನೀರಿಗೆ ಇಳಿಯುತ್ತವೆ; ಪಕ್ಕದ ಜಾಗದಲ್ಲಿ ಆಮ್ಲಜನಕ ಆ ಎಲೆಕ್ಟ್ರಾನುಗಳನ್ನು ಹಿಡಿಯುತ್ತದೆ. ನಡುವೆ ವಿದ್ಯುತ್ ಹರಿಯುತ್ತದೆ. ಉಪ್ಪು ಸೇರಿದರೆ ನೀರಿನಲ್ಲಿ ವಿದ್ಯುತ್ ಇನ್ನೂ ಸಲೀಸಾಗಿ ಹರಿಯುತ್ತದೆ. ಮಂಗಳೂರು, ಕಾರವಾರದ ಕಡೆ ಬೆಳೆದ ಕಾರು ಬೆಂಗಳೂರಿನ ಕಾರಿಗಿಂತ ಬೇಗ ಸವೆಯುವುದು ಇದಕ್ಕೇ. ಹುಟ್ಟಿದ ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಕೇಳುತ್ತದೆ. ಬಣ್ಣದ ಕೆಳಗೆ ಗುಳ್ಳೆ ಏಳುವುದು ಆಗಲೇ. ಹೊರಗೆ ಗುಳ್ಳೆ ಕಂಡಿತು ಎಂದರೆ ಒಳಗಿನಿಂದ ಕೆಲಸ ಬಹಳ ಮುಂದುವರಿದಿದೆ ಎಂದೇ ಅರ್ಥ.

ಇನ್ನೊಂದು ವಿಷಯ ಬಹಳ ಜನರ ಗಮನಕ್ಕೆ ಬರುವುದಿಲ್ಲ. ಕಾರಿಗೆ ಎಲ್ಲಿಂದಲೂ ನೀರು ಹೋಗಬಾರದು ಎಂದು ಅದನ್ನು ಮಾಡಿಲ್ಲ. ಹೋದ ನೀರು ಇಳಿದು ಹೊರಬರಬೇಕು ಎಂದು ಮಾಡಿದ್ದಾರೆ. ಬಾಗಿಲ ತಳದಲ್ಲಿ, ರನ್ನಿಂಗ್ ಬೋರ್ಡಿನ ಕೆಳಗೆ, ವೈಪರ್ ಕೆಳಗಿನ ಜಾಲರಿಯ ಹಿಂದೆ ಸಣ್ಣ ಸಣ್ಣ ರಂಧ್ರಗಳಿವೆ. ಹಲಸಿನ ಮರದಡಿ ನಿಂತ ಕಾರಿನ ಜಾಲರಿಯಲ್ಲಿ ಎಲೆ ಕೊಳೆತು ಗೊಬ್ಬರವಾಗಿ ರಂಧ್ರ ಕಟ್ಟಿಕೊಂಡರೆ ಮಳೆನೀರು ಒಳಗೆ ಇಳಿದು ಕಾರ್ಪೆಟ್ಟನ್ನು ನೆನೆಸುತ್ತದೆ. ಮೇಲಿನಿಂದ ಒಣಗಿದಂತೆ ಕಂಡರೂ ಅಡಿಯ ಪದರ ತಿಂಗಳುಗಟ್ಟಲೆ ಹಸಿಯಾಗಿರುತ್ತದೆ. ಒಂದು ಸೈಕಲ್ ಕಡ್ಡಿ ಹಾಕಿ ಆ ರಂಧ್ರಗಳನ್ನು ಬಿಡಿಸುವುದಕ್ಕೆ ಐದು ನಿಮಿಷ ಸಾಕು. ಎಷ್ಟು ಕಾರುಗಳು ಆ ಐದು ನಿಮಿಷ ಸಿಗದೆ ಸತ್ತಿವೆ!

ಉಡುಪಿ ಕಡೆಯ ಟಿಂಕರಿಂಗ್ ಶೆಡ್ಡೊಂದರಲ್ಲಿ ಒಬ್ಬ ಹಿರಿಯ ಟಿಂಕರ್ ಹೊಳೆಯುವ ಬಿಳಿ 800 ಒಂದನ್ನು ಪರೀಕ್ಷಿಸಿದ ಬಗೆಯನ್ನು ಹೇಳಬೇಕು. ಹಳೆಯ ಸ್ಪೀಕರಿನ ಅಯಸ್ಕಾಂತಕ್ಕೆ ಬನಿಯನ್ ಬಟ್ಟೆ ಸುತ್ತಿ, ಬಾಗಿಲ ನಡುವಿನಿಂದ ಮೆಲ್ಲಗೆ ಕೆಳಕ್ಕೆ ಜಾರಿಸುತ್ತಾ ಬಂದರು. ಮೇಲೆ ಗಟ್ಟಿಯಾಗಿ ಕಚ್ಚಿಕೊಂಡಿದ್ದು ತಳದಿಂದ ಒಂದು ಗೇಣಿನ ಮೇಲೆ ಸಡಿಲವಾಯಿತು, ಇನ್ನೂ ಕೆಳಗೆ ಕೈಬಿಟ್ಟು ಬಿತ್ತು. ಅಲ್ಲಿ ಸೀಮೆಸುಣ್ಣದಲ್ಲಿ ಗೆರೆ ಎಳೆದರು. ರನ್ನಿಂಗ್ ಬೋರ್ಡಿಗೆ ಬೆರಳ ಗೆಣ್ಣಿನಿಂದ ತಟ್ಟಿದರು. ಹಿಂದಿನ ಚಕ್ರದ ಹತ್ತಿರ ಟಣ್ ಎಂದದ್ದು ಮುಂದೆ ಬಂದಂತೆ ಮಂದವಾಯಿತು. ಆಮೇಲೆ ಸ್ಕ್ರೂಡ್ರೈವರ್ ಇಟ್ಟು ಒತ್ತಿದರು. ಅದು ಹಿಡಿಯವರೆಗೆ ಒಳಗೆ ಹೋಯಿತು. “ಇಷ್ಟೂ ಕಟ್ ಮಾಡ್ಬೇಕು ಸರ್. ಒಳಗೆ ತಗಡೇ ಉಳಿದಿಲ್ಲ” ಎಂದರು. ತುಕ್ಕಿನ ಮೇಲೆಯೇ ದಪ್ಪಗೆ ಪುಟ್ಟಿ ಮೆತ್ತಿ, ತಿಕ್ಕಿ, ಬಣ್ಣ ಹೊಡೆದಿದ್ದರು. ಪುಟ್ಟಿ ತೇವ ಹೀರುತ್ತದೆ. ತುಕ್ಕನ್ನು ಮುಚ್ಚುವುದಷ್ಟೇ ಅಲ್ಲ, ಅದನ್ನು ಸಾಕುತ್ತದೆ. ನಯಗೊಳಿಸಲು ತೆಳುವಾಗಿ ಹಚ್ಚುವ ಪುಟ್ಟಿಗೆ ನನ್ನ ತಕರಾರಿಲ್ಲ. ತಗಡಿನ ಜಾಗದಲ್ಲಿ ಪುಟ್ಟಿ ತುಂಬುವುದು ಮೋಸ.

ಸರಿಯಾದ ಕೆಲಸ ನಿಧಾನದ್ದು. ರನ್ನಿಂಗ್ ಬೋರ್ಡ್ ಕತ್ತರಿಸುವ ಮುಂಚೆ ಬಾಗಿಲ ಚೌಕಟ್ಟಿಗೆ ಅಡ್ಡಲಾಗಿ ಕಬ್ಬಿಣದ ಪಟ್ಟಿ ಬೆಸೆದು ಅಳತೆ ಕಾಯ್ದುಕೊಳ್ಳಬೇಕು. ಇಲ್ಲದಿದ್ದರೆ ಗೂಡು ತುಸುವೇ ಜಗ್ಗಿ, ಹೊಸ ತಗಡು ಕೂರಿಸಿದ ಮೇಲೆ ಬಾಗಿಲು ಹೊಂದುವುದೇ ಇಲ್ಲ. ಗ್ಯಾಸ್ ಜ್ವಾಲೆ ಅಗಲವಾದ ಜಾಗ ಕಾಯಿಸುವುದರಿಂದ ತೆಳು ತಗಡು ಹಿಗ್ಗಿ ಅಲೆಯಲೆಯಾಗಿ ಸೊಟ್ಟಗಾಗುತ್ತದೆ. ಮಿಗ್ ವೆಲ್ಡಿಂಗಿನಲ್ಲಿ ಒಂದೊಂದು ಚುಕ್ಕೆ ಹಾಕಿ, ಆರಲು ಬಿಟ್ಟು, ಬೇರೆ ಮೂಲೆಗೆ ಹೋಗಿ ಇನ್ನೊಂದು ಚುಕ್ಕೆ ಹಾಕಬೇಕು. ಮೇಲೆ ಎಪಾಕ್ಸಿ ಪ್ರೈಮರ್, ಪೆಟ್ಟಿಗೆಯ ಒಳಗೆ ಮೇಣದ ಸಿಂಪರಣೆ. ಒಳಗಿನ ಈ ಲೇಪನವನ್ನು ಬಿಟ್ಟರೆ ಹೊಸ ತಗಡೂ ಕೆಲವೇ ಮಳೆಗಾಲ ನೋಡುತ್ತದೆ. ಒಂದು ಎಚ್ಚರಿಕೆ: ಚಾಸಿ ನಂಬರ್ ಕೆತ್ತಿದ ಜಾಗದ ಹತ್ತಿರ ಗ್ರೈಂಡರ್ ಹೋಗದಂತೆ ಮೊದಲೇ ಹೇಳಿಡಿ. ಅದು ಅಳಿಸಿಹೋದರೆ ಆರ್‌ಟಿಒ ಮುಂದೆ ನಿಮ್ಮ ಕಾರು ಯಾರದೋ ಕಾರು.

ಬೋಲ್ಟು, ಬ್ರಾಕೆಟ್ಟಿನಂಥ ಸಣ್ಣ ಭಾಗಗಳ ತುಕ್ಕನ್ನು ಮನೆಯಲ್ಲೇ ಬಿಡಿಸಬಹುದು. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ವಾಷಿಂಗ್ ಸೋಡಾ ಕರಗಿಸಿದ ನೀರು, ಒಂದು ಬದಿಗೆ ಬೇಡವಾದ ಕಬ್ಬಿಣದ ತುಂಡು, ಇನ್ನೊಂದು ಬದಿಗೆ ನಿಮ್ಮ ಭಾಗ. ಬ್ಯಾಟರಿ ಚಾರ್ಜರಿನ ಪ್ಲಸ್ ಬೇಡದ ತುಂಡಿಗೆ, ಮೈನಸ್ ನಿಮ್ಮ ಭಾಗಕ್ಕೆ. ತುಕ್ಕು ಹುಟ್ಟಿಸಿದ ಎಲೆಕ್ಟ್ರಾನ್ ಹರಿವನ್ನು ಇಲ್ಲಿ ಹಿಂದಕ್ಕೆ ತಿರುಗಿಸುತ್ತಿದ್ದೇವೆ. ಬೇಡದ ತುಂಡಾಗಿ ಸ್ಟೀಲ್ ಚಮಚವನ್ನು ಬಳಸಲೇಬೇಡಿ, ವಿಷಕಾರಿ ಕ್ರೋಮಿಯಂ ನೀರಿಗೆ ಬಿಡುತ್ತದೆ. ಏಳುವ ಗುಳ್ಳೆಯಲ್ಲಿ ಹೈಡ್ರೋಜನ್ ಇರುವುದರಿಂದ ಇದನ್ನು ಅಂಗಳದಲ್ಲಿ ಮಾಡಿ.

ಈಗ ಎಂಜಿನ್ನಿಗೆ ಬರೋಣ. ವರ್ಷಗಟ್ಟಲೆ ನಿಂತ ಕಾರಿಗೆ ಬ್ಯಾಟರಿ ಕೊಟ್ಟು ಸೆಲ್ಫ್ ಹೊಡೆಯಬಾರದು. ಪ್ಲಗ್ ಬಿಚ್ಚಿ, ಸಿಲಿಂಡರುಗಳಿಗೆ ಸ್ವಲ್ಪ ಎಣ್ಣೆ ಬಿಟ್ಟು ಒಂದು ರಾತ್ರಿ ಇಟ್ಟು, ಕ್ರ್ಯಾಂಕ್ ಪುಲ್ಲಿಗೆ ಸ್ಪ್ಯಾನರ್ ಹಾಕಿ ಕೈಯಿಂದ ತಿರುಗಿಸಿ ನೋಡಬೇಕು. ಕ್ಯಾಮ್ ಶಾಫ್ಟನ್ನು ತಿರುಗಿಸುವುದು ರಬ್ಬರಿನ ಟೈಮಿಂಗ್ ಬೆಲ್ಟ್. ಓಡದಿದ್ದರೂ ಅದಕ್ಕೆ ವಯಸ್ಸಾಗುತ್ತದೆ, ಮೊದಲೇ ಬದಲಿಸಿ. ಆಮೇಲೆ ಕಂಪ್ರೆಷನ್ ಗೇಜ್. ಒಂದು ಸಿಲಿಂಡರಿನಲ್ಲಿ ಒತ್ತಡ ಕಡಿಮೆ ಬಂದರೆ ಅದಕ್ಕೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ಅಳೆಯಿರಿ. ಒತ್ತಡ ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಕೂರುತ್ತಿಲ್ಲ. ಎಂಜಿನ್ ಬಿಚ್ಚದೆಯೇ ಇಷ್ಟು ತಿಳಿಯುತ್ತದೆ.

ಸ್ಟೇರಿಂಗ್ ನಡುಗುತ್ತದೆ, ಎಂಜಿನ್ ಬಿಚ್ಚಿಸೋಣ ಎನ್ನುವವರು ಸ್ವಲ್ಪ ತಾಳಬೇಕು. ಮೂರು ಸಿಲಿಂಡರಿನ ಎಂಜಿನ್ನಿಗೆ ಕಂಪನ ಹುಟ್ಟುಗುಣ. ಪಿಸ್ಟನ್‌ಗಳ ಮೇಲುಕೆಳಗಿನ ಬಲಗಳು ಒಂದನ್ನೊಂದು ರದ್ದು ಮಾಡಿದರೂ ಎರಡು ತುದಿಯ ಪಿಸ್ಟನ್‌ಗಳು ಬೇರೆ ಬೇರೆ ಹೊತ್ತಿಗೆ ಏರಿಳಿಯುವುದರಿಂದ ಎಂಜಿನ್ ಉದ್ದಕ್ಕೆ ತೂಗಾಡುತ್ತದೆ. ಜೊತೆಗೆ ಕ್ರ್ಯಾಂಕ್ 240 ಡಿಗ್ರಿ ತಿರುಗಿದಾಗಲೊಮ್ಮೆ ಒಂದು ಸ್ಫೋಟ. ನಿಮಿಷಕ್ಕೆ 900 ಸುತ್ತಿನ ಐಡ್ಲಿಂಗಿನಲ್ಲಿ ಸೆಕೆಂಡಿಗೆ 22ಕ್ಕೂ ಹೆಚ್ಚು ಹೊಡೆತ. ಇದನ್ನೆಲ್ಲ ನುಂಗುವುದು ಎಂಜಿನ್ ಮೌಂಟಿನ ರಬ್ಬರ್. ಅದು ಗಟ್ಟಿಯಾದರೆ ನಡುಕ ನೇರ ಬಾಡಿಗೆ ಬರುತ್ತದೆ. ಕೆಲವು ನೂರು ರೂಪಾಯಿಯ ಮೌಂಟ್ ಬದಲಿಸಿದ ಮೇಲೂ ನಡುಕ ಉಳಿದರೆ ಆಗ ಎಂಜಿನ್ನಿನ ಮೇಲೆ ಅನುಮಾನ ಪಡಿ.

ಕಾರ್ಬುರೇಟರ್ ಇರುವ ಹಳೆಯ 800ರ ಮುಂದೆ ಈಗ ಹೊಸ ಪ್ರಶ್ನೆ ಬಂದಿದೆ. ಶೇಕಡಾ 20 ಎಥನಾಲ್ ಬೆರೆತ ಇ20 ಪೆಟ್ರೋಲ್ ಬಿಡುಗಡೆಯಾದದ್ದು ನಮ್ಮ ಬೆಂಗಳೂರಿನಲ್ಲೇ, 2023ರ ಫೆಬ್ರವರಿ 6ರಂದು. ಕಾರ್ಬುರೇಟರಿನ ಕತ್ತು ಕಿರಿದಾದಲ್ಲಿ ಗಾಳಿಯ ವೇಗ ಹೆಚ್ಚಿ ಒತ್ತಡ ಇಳಿಯುತ್ತದೆ, ಆ ಇಳಿತ ಪೆಟ್ರೋಲನ್ನು ಜೆಟ್ಟಿನ ತೂತಿನಿಂದ ಎಳೆಯುತ್ತದೆ. ಎಷ್ಟು ಎಳೆಯಬೇಕೆಂದು ತೂತಿನ ಅಳತೆ ನಿರ್ಧರಿಸುತ್ತದೆ, ಪೆಟ್ರೋಲಿನಲ್ಲಿ ಏನಿದೆ ಎಂದು ಅದಕ್ಕೆ ತಿಳಿಯದು. ಶುದ್ಧ ಪೆಟ್ರೋಲಿನ ಒಂದು ಭಾಗ ಪೂರ್ತಿ ಉರಿಯಲು ತೂಕದಲ್ಲಿ 14.7 ಭಾಗ ಗಾಳಿ ಬೇಕು. ಎಥನಾಲ್ ತನ್ನೊಳಗೇ ಆಮ್ಲಜನಕ ಹೊತ್ತಿರುವುದರಿಂದ ಇ20ಗೆ ಸುಮಾರು 13.5 ಸಾಕು. ಹಳೆಯ ಜೆಟ್ಟಿನಲ್ಲೇ ಓಡಿಸಿದರೆ ಮಿಶ್ರಣ ತೆಳುವಾಗುತ್ತದೆ: ಎಳೆತ ಕಡಿಮೆ, ಬಿಸಿ ಜಾಸ್ತಿ. ಪ್ಲಗ್ ಬಿಚ್ಚಿ ನೋಡಿ. ಪಿಂಗಾಣಿ ತಿಳಿಕಂದು ಇದ್ದರೆ ಸರಿ, ಸುಣ್ಣದ ಬಿಳುಪಾಗಿದ್ದರೆ ಒಂದು ಅಳತೆ ದೊಡ್ಡ ಜೆಟ್ ಹಾಕಿಸಬೇಕು. ಪೆಟ್ರೋಲಿನ ರಬ್ಬರ್ ಪೈಪುಗಳನ್ನೂ ಪಂಪಿನ ಡಯಾಫ್ರಮ್ಮನ್ನೂ ಎಥನಾಲ್ ತಾಳುವ ಜಾತಿಯವಕ್ಕೆ ಬದಲಿಸಿ. ಹಳೆಯ ಪೈಪು ಬಿರಿದು ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಇಡೀ ಕಾರು ಹೋಗುತ್ತದೆ.

ಬ್ರೇಕಿನ ವಿಷಯದಲ್ಲಿ ಉಳಿತಾಯ ಬೇಡ. ಬ್ರೇಕ್ ಎಣ್ಣೆ ಗಾಳಿಯ ತೇವ ಹೀರುತ್ತದೆ. ಡಾಟ್ 3 ಎಣ್ಣೆ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ. ತೇವ ಸೇರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಘಾಟಿ ಇಳಿಯುವಾಗ ಒಳಗೆ ಆವಿಯ ಗುಳ್ಳೆ ಎದ್ದರೆ ಪೆಡಲ್ ಮೆತ್ತಗೆ ನೆಲಕ್ಕೆ ತಾಗುತ್ತದೆ. ಎಣ್ಣೆ, ರಬ್ಬರ್ ಕಪ್‌ಗಳು, ಹೋಸು ಎಲ್ಲ ಹೊಸದು ಹಾಕಿಸಿ.

1986ರ ನಂತರದ ಆಕಾರದ ಬಿಡಿಭಾಗಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದು ಸುತ್ತು ಹಾಕುವುದು ಒಳ್ಳೆಯದು. ಎಸ್‌ಎಸ್80ರ ಬಾಡಿ ಭಾಗಗಳು ಅಷ್ಟು ಸುಲಭದಲ್ಲಿ ಸಿಗುವುದಿಲ್ಲ; ಟಿಂಕರ್ ಕೈಯಲ್ಲಿ ತಟ್ಟಿಯೇ ಮಾಡಬೇಕಾಗುತ್ತದೆ. ಹಾಗಾಗಿ ಹಳೆಯ ಭಾಗ ಎಷ್ಟೇ ಹಾಳಾಗಿರಲಿ, ಅಳತೆಗೆ ಬೇಕೆಂದು ಎತ್ತಿಡಿ.

ಕಾನೂನಿನ ಕಣ್ಣಿಗೆ ಈ ಕಾರು ಇನ್ನೂ ವಿಂಟೇಜ್ ಅಲ್ಲ. 2021ರ ಕೇಂದ್ರ ನಿಯಮದಂತೆ ಆ ಮಾನ್ಯತೆಗೆ 50 ವರ್ಷ ತುಂಬಬೇಕು. ಅತಿ ಹಳೆಯ ಮಾರುತಿ 800ಕ್ಕೆ ಅದು ಬರುವುದು 2033ರ ಕೊನೆಗೆ. ಅಲ್ಲಿಯವರೆಗೆ ಐದೈದು ವರ್ಷಕ್ಕೆ ಆರ್‌ಸಿ ನವೀಕರಿಸಬೇಕು, ಫಿಟ್‌ನೆಸ್ ಪರೀಕ್ಷೆಗೆ ಒಯ್ಯಬೇಕು, ಹಸಿರು ತೆರಿಗೆ ಕಟ್ಟಬೇಕು. 20 ವರ್ಷ ದಾಟಿದ ಕಾರಿನ ನವೀಕರಣ ಶುಲ್ಕವನ್ನು 2025ರ ಆಗಸ್ಟ್‌ನಲ್ಲಿ 10,000 ರೂಪಾಯಿಗೆ ಏರಿಸಿದ್ದಾರೆ. ಅವ್ವ ಅಪ್ಪನ ಕಾಲದ 800 ನಿಮ್ಮ ಹಿತ್ತಲಿನಲ್ಲಿ ನಿಂತಿದ್ದರೆ ಎಂಜಿನ್ ಓಡಿಸುವ ಯೋಚನೆ ಮುಂದಿನ ವರ್ಷಕ್ಕೆ ಇರಲಿ. ಈ ಮಳೆಗಾಲಕ್ಕೆ ಮುಂಚೆ ಕಾರನ್ನು ಸೂರಿನಡಿಗೆ ತಳ್ಳಿ, ನೀರಿಳಿಯುವ ರಂಧ್ರಗಳನ್ನು ಬಿಡಿಸಿ, ಆರ್‌ಸಿಯ ಅವಧಿ ಎಂದು ಮುಗಿಯುತ್ತದೆ ಎಂದು ನೋಡಿಕೊಳ್ಳಿ.