ಹಲವು ಕೈ, ಒಂದೇ ಹದ

ನಂಜನಗೂಡು ತಾಲ್ಲೂಕಿನ ಕಳಲೆಯು ಮೈಸೂರು ಅರಸರ ದಳವಾಯಿಗಳ ಮನೆತನದಿಂದ ಹೆಸರಾದ ಊರು. ಆ ಮನೆತನದ ನಂಜರಾಜನು 18ನೆಯ ಶತಮಾನದಲ್ಲಿ ಕನ್ನಡದಲ್ಲಿ ಹಲವು ಗ್ರಂಥಗಳನ್ನು ರಚಿಸಿದನು. ಅಂದು ಗ್ರಂಥಗಳನ್ನು ಓಲೆಯಿಂದ ಓಲೆಗೆ ಪ್ರತಿಮಾಡಿ ಉಳಿಸುತ್ತಿದ್ದರು. ಲಿಪಿಕಾರನ ಕೈತಪ್ಪು ಮುಂದಿನ ಪ್ರತಿಗಳಿಗೂ ಹರಿಯುತ್ತಿತ್ತು.

ಇಂದು ಹಳೆಯ ಪುಸ್ತಕಗಳ ಪುಟಗಳನ್ನು ಚಿತ್ರಗಳಾಗಿ ತೆಗೆದು ಗಣಕಯಂತ್ರದಲ್ಲಿ ಉಳಿಸುತ್ತಾರೆ. ಓರೆಯಾದ ಪುಟವನ್ನು ನೇರಗೊಳಿಸಲು, ಕಲೆಗಳನ್ನು ಅಳಿಸಲು, ಮಾಸಿದ ಅಕ್ಷರಗಳನ್ನು ಎದ್ದುಕಾಣಿಸಲು ಸ್ವಯಂಸೇವಕರು ನೆರವಾಗುತ್ತಾರೆ. ಒಬ್ಬರು ಹೆಚ್ಚು, ಮತ್ತೊಬ್ಬರು ಕಡಿಮೆ ತಿದ್ದಿದರೆ ಪುಸ್ತಕದ ಹದ ಕೆಡುತ್ತದೆ. ಅಕ್ಷರದ ಕೆಳಗಿನ ಪುಟ್ಟ ಗೀಟನ್ನು ಕಲೆಯೆಂದು ಬಗೆದು ಅಳಿಸಿದರೆ ‘ಧನ’ವು ‘ದನ’ವಾಗುತ್ತದೆ!

ಆದುದರಿಂದ ಈ ಕಾರ್ಯಕ್ಕೆ ಕಟ್ಟುಪಾಡು ಬೇಕು. ಎಲ್ಲರೂ ಒಂದೇ ಮಾದರಿ ಪುಟವನ್ನು ಮುಂದಿಟ್ಟುಕೊಂಡು ತಿದ್ದಬೇಕು. ಒಬ್ಬರು ತಿದ್ದಿದುದನ್ನು ಇನ್ನೊಬ್ಬರು ಮೂಲದೊಡನೆ ಹೋಲಿಸಿ ನೋಡಬೇಕು. ಮೂಲಚಿತ್ರವನ್ನು ಯಾವ ಕಾರಣಕ್ಕೂ ಕಳೆಯಬಾರದು. ಚಿತ್ರವನ್ನು ನೋಡಿ ಪಠ್ಯವನ್ನು ಸಿದ್ಧಪಡಿಸುವಲ್ಲಿಯೂ ಕ್ರಮ ಇದೇ. ಅಂತರಜಾಲದ ಮುಕ್ತ ಗ್ರಂಥಭಂಡಾರವಾದ ಕನ್ನಡ ವಿಕಿಸೋರ್ಸ್‌ನಲ್ಲಿ ಒಬ್ಬರು ತಿದ್ದಿದ ಪುಟಕ್ಕೆ ಹಳದಿ ಗುರುತು. ಬೇರೊಬ್ಬರು ಪರೀಕ್ಷಿಸಿ ಒಪ್ಪಿದ ಮೇಲೆಯೇ ಹಸುರು. ತಾನು ತಿದ್ದಿದುದನ್ನು ತಾನೇ ಒಪ್ಪುವಂತಿಲ್ಲ.

ಹಿಂದಿನವರು ಬರೆದಿಟ್ಟುದು ಮುಂದಿನವರಿಗೆ ಬರೆದಂತೆಯೇ ತಲುಪಬೇಕಾದರೆ ಇಷ್ಟು ಎಚ್ಚರ ಅಗತ್ಯ.