ಭಂಡಾರ ಮೆತ್ತಿದ ಕ್ಯಾಮೆರಾ

ಆಯುಧಪೂಜೆಯ ದಿನ ದೇವರಗುಡ್ಡದಲ್ಲಿ ಗೊರವಯ್ಯ ಬಿಲ್ಲನ್ನೇರಿ ಕಾರ್ಣಿಕ ನುಡಿಯುವ ಹೊತ್ತಿಗೆ ಮಾಲತೇಶನ ಭಕ್ತರ ತಲೆ, ಹೆಗಲೆಲ್ಲ ಭಂಡಾರ, ಅಂದರೆ ಅರಿಸಿನ ಪುಡಿ, ಮೆತ್ತಿಕೊಂಡು ಹಳದಿಯಾಗಿರುತ್ತವೆ. ಮುಂದೆ ನಿಂತ ಫೋಟೋಗ್ರಾಫರ್‌ಗಳ ಕ್ಯಾಮೆರಾಗಳಿಗೂ ಅದರ ಪಾಲು ತಪ್ಪದು. ದುಬಾರಿ ಕ್ಯಾಮೆರಾಗಳಲ್ಲಿ ಬಹಳಷ್ಟರ ಕವಚ ಮೆಗ್ನೀಷಿಯಂ ಮಿಶ್ರಲೋಹದ್ದು; ಮೇಲಿನ ಕಪ್ಪು ಬಣ್ಣ ನೋಡಿ ಪ್ಲಾಸ್ಟಿಕ್ ಎಂದುಕೊಳ್ಳುವವರೇ ಹೆಚ್ಚು.

ಈ ಲೋಹದ ದೊಡ್ಡ ಗುಣ ಹಗುರ. ಒಂದು ಘನ ಸೆಂಟಿಮೀಟರಿಗೆ ಕಬ್ಬಿಣ 7.87 ಗ್ರಾಂ, ಅಲ್ಯೂಮಿನಿಯಂ 2.7, ಮೆಗ್ನೀಷಿಯಂ ಬರೀ 1.74. ಆದರೆ ಇದಕ್ಕೆ ತೇವ ಆಗಿಬರುವುದಿಲ್ಲ. ನೀರಿನಿಂದ ಹೈಡ್ರೋಜನ್ ಬಿಡಿಸಿ ತಾನು ಬಿಳಿ ಪುಡಿಯಾಗುತ್ತದೆ. ಗಾಳಿಗೆ ಒಡ್ಡಿದರೆ ಅಲ್ಯೂಮಿನಿಯಂ ಮೇಲೂ ಆಕ್ಸೈಡ್ ಕಟ್ಟುತ್ತದೆ, ಆದರೆ ಆ ಪದರ ಲೋಹವನ್ನು ಪೂರ್ತಿ ಮುಚ್ಚಿ ಕಾಯುತ್ತದೆ. ಮೆಗ್ನೀಷಿಯಂ ಆಕ್ಸೈಡ್ ಹಿಡಿಯುವ ಜಾಗ ಅದು ಹುಟ್ಟಿದ ಲೋಹದ ಸುಮಾರು 0.81 ಪಾಲು ಮಾತ್ರ. ಗಿಡ್ಡ ಕಂಬಳಿ ಹೊದ್ದಂತೆ, ಎಲ್ಲೋ ಒಂದು ಕಡೆ ಮೈ ಬಯಲು. ಬೆವರಿನ ಉಪ್ಪು ಅಲ್ಲೇ ಒಳಹೊಗುತ್ತದೆ.

ಉಪ್ಪಿಗಿಂತ ಕೆಟ್ಟದ್ದು ಕಬ್ಬಿಣದ ನೆರೆ. ಮೆಗ್ನೀಷಿಯಂಗೆ ಬರೀ ಕಬ್ಬಿಣದ ಸ್ಕ್ರೂ ಹಾಕಿ, ನಡುವೆ ತೇವ ಸೇರಿದರೆ ಅದೊಂದು ಪುಟ್ಟ ಬ್ಯಾಟರಿ. ಸವೆಯುವುದು ಯಾವಾಗಲೂ ಮೆಗ್ನೀಷಿಯಂ. ಗೀಸರಿನೊಳಗೆ ಮೆಗ್ನೀಷಿಯಂ ಕಡ್ಡಿ ಇಟ್ಟು ಉಕ್ಕಿನ ಟ್ಯಾಂಕ್ ಉಳಿಸಿಕೊಳ್ಳುವುದೂ ಇದೇ ಲೆಕ್ಕದಲ್ಲಿ. ಕಬ್ಬಿಣ ಲೋಹದೊಳಗೇ ಬೆರೆತಿದ್ದರೂ ಇದೇ ಪಾಡು. ಅದಕ್ಕೇ 9% ಅಲ್ಯೂಮಿನಿಯಂ, 1% ಸತು ಬೆರೆಸಿದ ಎಝಡ್91ಡಿ ಎಂಬ ಮಿಶ್ರಲೋಹದಲ್ಲಿ ಕಬ್ಬಿಣ 0.005% ಮೀರದಂತೆ ನೋಡಿಕೊಳ್ಳುತ್ತಾರೆ. ಒಳಗೆ ಕಲ್ಮಷ ಉಳಿದರೆ ಎಂಥ ಲೇಪನವೂ ಬಹಳ ದಿನ ಬಾಳದು.

ಲೇಪನಕ್ಕೆ ಹಿಂದೆ ಕ್ರೋಮೇಟ್ ದ್ರಾವಣದಲ್ಲಿ ಅದ್ದುವುದೇ ರೂಢಿ. ಅದರಲ್ಲಿನ ಕ್ರೋಮಿಯಂ ಕ್ಯಾನ್ಸರ್‌ಕಾರಕವಾದ್ದರಿಂದ ಈಗ ಅದನ್ನು ಕೈಬಿಡುತ್ತಿದ್ದಾರೆ. ಬೆಂಗಳೂರಿನ ಇಸ್ರೋ ಉಪಗ್ರಹ ಕೇಂದ್ರದಲ್ಲಿ ಮೆಗ್ನೀಷಿಯಂ ಮೇಲೆ ಆನೊಡೈಜಿಂಗ್, ಅಂದರೆ ದ್ರಾವಣದಲ್ಲಿ ವಿದ್ಯುತ್ ಹರಿಸಿ ಲೋಹದ ಮೇಲೆ ಆಕ್ಸೈಡ್ ಪದರ ಬೆಳೆಸುವ ವಿಧಾನದ ಅಧ್ಯಯನಗಳು ನಡೆದವು. ಉಪಗ್ರಹದ ಭಾಗಕ್ಕೆ ಈ ಪದರ ತುಕ್ಕು ತಡೆದರಷ್ಟೇ ಸಾಲದು, ಶಾಖವನ್ನೂ ಹೊರಸೂಸಬೇಕು.

ನನಗೆ ಇಷ್ಟವಾದದ್ದು ಪ್ಲಾಸ್ಮಾ ವಿಧಾನ. ಕ್ಷಾರೀಯ ಸಿಲಿಕೇಟ್ ದ್ರಾವಣದಲ್ಲಿ ಲೋಹದ ಭಾಗವನ್ನು ಮುಳುಗಿಸಿ ನೂರಾರು ವೋಲ್ಟ್ ಕೊಡುತ್ತಾರೆ. ಮೈತುಂಬ ಸಣ್ಣ ಕಿಡಿಗಳು ಹಾರುತ್ತವೆ. ಕಿಡಿ ಎದ್ದಲ್ಲೆಲ್ಲ ಆಕ್ಸೈಡ್ ಕರಗಿ, ತಕ್ಷಣ ಗಟ್ಟಿಯಾಗಿ, ಸೆರಾಮಿಕ್ ಪದರ ಬೆಳೆಯುತ್ತದೆ. ಮೇಲ್ಭಾಗದಲ್ಲಿ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ. ಅವನ್ನು ರೆಸಿನ್ ಅಥವಾ ಪೇಂಟಿನಿಂದ ಮುಚ್ಚಬೇಕು. ರಂಧ್ರ ಇರುವುದರಿಂದಲೇ ಪೇಂಟ್ ಬಿಗಿಯಾಗಿ ಕೂರುತ್ತದೆ ಎನ್ನಿ.

ಜಾತ್ರೆಯಿಂದ ಬಂದ ಕ್ಯಾಮೆರಾದ ಭಂಡಾರವನ್ನು ಮೊದಲು ಒಣ ಬ್ರಷ್‌ನಿಂದ ಕೊಡವಿ. ಅರಿಸಿನದಿಂದ ಲೋಹಕ್ಕೆ ಕೇಡಿಲ್ಲ. ಸಂದಿಯಲ್ಲಿ ಕೂತ ಪುಡಿ ಬೆವರು ಹೀರಿ ತೇವ ಹಿಡಿದಿಡುವುದೇ ಕೇಡು. ಆಮೇಲೆ ತುಸು ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿ. ಹಿತ್ತಾಳೆ ತಿಕ್ಕುವ ಹುಣಸೆಹಣ್ಣು, ನಿಂಬೆಹಣ್ಣು ಇದರ ಹತ್ತಿರ ಸುಳಿಯಬಾರದು. ಹುಳಿ ಈ ಲೋಹವನ್ನು ತಿನ್ನುತ್ತದೆ. ಸ್ಕ್ರೂ ಕಳೆದರೆ ಸಿಕ್ಕಿದ್ದನ್ನು ತಿರುಗಿಸದೆ ಕಂಪನಿಯದ್ದೇ ಹಾಕಿಸಿ.

ಬಣ್ಣದಡಿ ಗುಳ್ಳೆ ಎದ್ದಿದ್ದರೆ ಅದರ ಮೇಲೇ ಬಣ್ಣ ಬಳಿದು ಪ್ರಯೋಜನವಿಲ್ಲ. ಬಿಳಿ ಪುಡಿ ಪೂರ್ತಿ ಕೆರೆದು, ಒಣಗಿಸಿ, ಪ್ರೈಮರ್ ಹಚ್ಚಬೇಕು. ಇದಕ್ಕೆ ಗ್ರೈಂಡರ್ ಮಾತ್ರ ಬೇಡ: ಮೆಗ್ನೀಷಿಯಂ ಪುಡಿಗೆ ಕಿಡಿ ತಗುಲಿದರೆ ಧಗ್ಗನೆ ಉರಿಯುತ್ತದೆ, ನೀರು ಎರಚಿದರೆ ಇನ್ನಷ್ಟು ಕೆರಳುತ್ತದೆ.